ಕಾಸಿಯೋ ವಿಲ್‌ಫ್ರಾಂಶೋ? ಎರಡು ಬಂದರು ಊರುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಬಗೆ

"ಕಾಸಿಗೆ ಹೋಗ್ತಿದ್ದೀವಿ" ಅಂತ ಫೋನಲ್ಲಿ ಹೇಳಿದ್ದಕ್ಕೆ ನಮ್ಮ ದೊಡ್ಡಮ್ಮ, "ಒಳ್ಳೇದಾಯ್ತು ಕಣೇ, ಬರೋವಾಗ ನನಗೆ ಎರಡು ಗಂಗೆ ಗಿಂಡಿ ತಗೊಂಡು ಬಾ" ಅಂದರು. ಅವರ ತಪ್ಪೇನಿಲ್ಲ. ಫ್ರಾನ್ಸಿನ ದಕ್ಷಿಣ ದಡದಲ್ಲಿರುವ ಈ ಬಂದರಿನ ಹೆಸರನ್ನು ಬರೆಯುವಾಗ ಕೊನೆಗೊಂದು 'ಎಸ್' ಇರುತ್ತದೆ. ಅಲ್ಲಿಯವರು ಅದನ್ನು ನುಂಗಿ 'ಕಾಸಿ' ಅಂತಲೇ ಅನ್ನುತ್ತಾರೆ. ಎಸ್ ಒತ್ತಿ 'ಕಾಸಿಸ್' ಅಂದರೆ ಅದು ಕಪ್ಪು ಕರಂಟ್ ಹಣ್ಣು. ಆ ಹಣ್ಣಿನ ಹೆಸರಾಂತ ಮದ್ಯ ದೂರದ ದಿಝೊಂ ಕಡೆಯದು, ಈ ಊರಿಗೂ ಅದಕ್ಕೂ ಸಂಬಂಧವಿಲ್ಲ.

ನಮ್ಮ ಪಟ್ಟಿಯಲ್ಲಿದ್ದ ಇನ್ನೊಂದು ಊರು ವಿಲ್‌ಫ್ರಾಂಶ್-ಸ್ಯೂರ್-ಮೇರ್. ಅದೂ ಅದೇ ದಡದಲ್ಲಿದೆ, ಆದರೆ ರಸ್ತೆಯಲ್ಲಿ ಸುಮಾರು 200 ಕಿಲೋಮೀಟರ್ ಪೂರ್ವಕ್ಕೆ, ನೀಸ್ ನಗರದ ಪಕ್ಕದಲ್ಲಿ. ಎರಡರ ಫೋಟೋನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಗೊತ್ತಾಗಲ್ಲ. ಅದೇ ಅರಿಸಿನ, ಕಾವಿ, ಗುಲಾಬಿ ಬಣ್ಣದ ಮನೆಗಳು, ಅದೇ ಪುಟ್ಟ ದೋಣಿಗಳು, ಅದೇ ನೀಲಿ. ನಾನು, ಅಮ್ಮ, ತಂಗಿ ಸೇರಿ ಎರಡು ವಾರ ಇದನ್ನೇ ಜಗ್ಗಾಡಿದೆವು. ಕೊನೆಗೆ ಎರಡಕ್ಕೂ ಹೋಗಿ ಬಂದೆವು. ಈಗ ಯಾರಾದರೂ ಕೇಳಿದರೆ ಹತ್ತು ನಿಮಿಷದಲ್ಲಿ ಹೇಳಬಲ್ಲೆ, ಹೀಗೆ.

ಮೊದಲು ಫೋಟೋ ಮುಚ್ಚಿ, ಮ್ಯಾಪ್ ತೆಗೆಯಿರಿ

ಎರಡೂ ಸಣ್ಣ ಊರುಗಳು. ಬಂದರು, ಚರ್ಚು, ಕೋಟೆ, ಗಲ್ಲಿ ಎಲ್ಲ ಸುತ್ತಲು ಅರ್ಧ ದಿನ ಧಾರಾಳ ಸಾಕು. ಹಾಗಾಗಿ 'ಯಾವುದು ಚಂದ' ಅಂತ ಕೇಳಿ ಪ್ರಯೋಜನವಿಲ್ಲ. ಎರಡನೇ ದಿನ ಬೆಳಿಗ್ಗೆ ಮನೆ ಬೀಗ ಹಾಕಿ ಹೊರಟರೆ ಎಲ್ಲಿಗೆ ಹೋಗುತ್ತೀರಿ? ಇದನ್ನು ಕೇಳಿಕೊಳ್ಳಿ.

ಕಾಸಿಯಿಂದ ಹೊರಟರೆ ಕಾಡು, ಬಂಡೆ, ನೀರು. ಊರಿನ ಪಶ್ಚಿಮಕ್ಕೆ ಕಲಾಂಕ್ ರಾಷ್ಟ್ರೀಯ ಉದ್ಯಾನ, 2012ರಲ್ಲಿ ಆಗಿದ್ದು. ಕಲಾಂಕ್ ಅಂದರೆ ಬಿಳಿ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಸಮುದ್ರ ಒಳನುಗ್ಗಿ ಮಾಡಿಕೊಂಡ ಓಣಿ. ಪೂರ್ವಕ್ಕೆ ಕಾಪ್ ಕನಾಯ್ ಅನ್ನುವ ಕಡಿದಾದ ಬೆಟ್ಟ, 394 ಮೀಟರ್ ಎತ್ತರ. ನಂದಿಬೆಟ್ಟದ ಟಿಪ್ಪು ಡ್ರಾಪ್‌ ಕೆಳಗೆ ಬಯಲಿನ ಬದಲು ಸಮುದ್ರ ಇದ್ದರೆ ಹೇಗಿರುತ್ತಿತ್ತೋ ಹಾಗೆ.

ವಿಲ್‌ಫ್ರಾಂಶ್‌ನಿಂದ ಹೊರಟರೆ ರೈಲು. ನೀಸ್‌ಗೆ ಏಳೆಂಟು ನಿಮಿಷ. ಇನ್ನೊಂದು ದಿಕ್ಕಿಗೆ ಹತ್ತಿದರೆ ಮೊನಾಕೊ ಕಾಲು ಗಂಟೆ, ಇಟಲಿ ಗಡಿಯ ಮಾಂತೋಂ ಅರ್ಧ ಗಂಟೆ. ಹಳಿ ಬಹುಪಾಲು ಸಮುದ್ರದ ಅಂಚಿನಲ್ಲೇ ಹೋಗುತ್ತದೆ. ಸುರಂಗ ಬಂತು, ನೀಲಿ ಕಂಡಿತು, ಮತ್ತೆ ಸುರಂಗ, ಮತ್ತೆ ನೀಲಿ. ಅಮ್ಮ ಇಳಿಯಲು ಒಪ್ಪದೆ ಕೊನೆಯ ಸ್ಟೇಷನ್‌ವರೆಗೆ ಹೋಗೋಣ ಅಂತ ಹಟ ಹಿಡಿದಿದ್ದರು.

ಅಂದರೆ ಕಾಲು ಗಟ್ಟಿ ಇದ್ದವರಿಗೆ ಒಂದು ಊರು, ಕಿಟಕಿ ಸೀಟು ಇಷ್ಟಪಡುವವರಿಗೆ ಇನ್ನೊಂದು.

ಮನೆಮಂದಿಯ ಕಾಲುಗಳ ಲೆಕ್ಕ ಹಾಕಿ

ಕಾಸಿಗೆ ಹೋಗಿ ಕಲಾಂಕ್‌ಗೆ ನಡೆಯದೆ ಬಂದರೆ ಜೋಗಕ್ಕೆ ಹೋಗಿ ಗುಂಡಿ ನೋಡದೆ ಬಂದ ಹಾಗೆ. ಬಂದರಿನಿಂದ ಮೊದಲ ಕಲಾಂಕ್ ಪೋರ್-ಮ್ಯೂಗೆ ಸುಮಾರು ಅರ್ಧ ಗಂಟೆ ನಡಿಗೆ. ಅದು ದೋಣಿಗಳು ಸಾಲಾಗಿ ನಿಂತಿರುವ ಉದ್ದನೆಯ ಓಣಿ. ಹಿಂದೆ ಅಲ್ಲಿ ಕಲ್ಲು ತೆಗೆಯುತ್ತಿದ್ದರು, ಗಣಿಯ ಗುರುತು ಈಗಲೂ ಕಾಣುತ್ತದೆ. ಎರಡನೆಯದು ಪೋರ್-ಪ್ಯಾಂ, ಬಂದರಿನಿಂದ ಒಂದು ಗಂಟೆ. ಅಲ್ಲಿ ಪೈನ್ ಮರಗಳ ನೆರಳು, ಕಾಲಿಳಿಸಲು ಪುಟ್ಟ ದಂಡೆ. ಇಲ್ಲಿವರೆಗೆ ಮಕ್ಕಳನ್ನೂ ಕರೆದುಕೊಂಡು ಹೋಗಬಹುದು.

ಮೂರನೆಯದು ಆಂ-ವೋ. ಪೋಸ್ಟ್‌ಕಾರ್ಡಿನಲ್ಲಿ ಇರುವುದು ಇದೇ. ಹೋಗಲು ಒಂದೂವರೆಯಿಂದ ಎರಡು ಗಂಟೆ ಬೇಕು. ಕೊನೆಯ ಇಳಿಜಾರು ಕಡಿದಾಗಿದೆ, ಕೈ ಊರಿಕೊಂಡು ಇಳಿಯಬೇಕಾದ ಜಾಗಗಳಿವೆ. ಸಾವಿರಾರು ಜನ ನಡೆದು ನಡೆದು ಸುಣ್ಣಕಲ್ಲು ನಮ್ಮ ದೇವಸ್ಥಾನದ ಮೆಟ್ಟಿಲಿನ ಹಾಗೆ ನುಣ್ಣಗಾಗಿದೆ. ಚಪ್ಪಲಿ ಹಾಕ್ಕೊಂಡು ಬಂದಿದ್ದ ಒಬ್ಬ ಹುಡುಗ ನಮ್ಮ ಮುಂದೆಯೇ ಕೂತುಕೊಂಡೇ ಜಾರಿ ಇಳಿದ. ಅವನ ಜೀನ್ಸಿನ ಹಿಂಭಾಗ ಬೆಳ್ಳಗಾಗಿತ್ತು, ಅವನ ಹೆಂಡತಿ ನಗು ತಡೆಯಲಾಗದೆ ಮರ ಹಿಡಿದು ನಿಂತಿದ್ದಳು. ಹಿಡಿತ ಇರುವ ಶೂ ಬೇಕೇ ಬೇಕು. ದಾರಿಯಲ್ಲಿ ಕುಡಿಯುವ ನೀರು ಸಿಗಲ್ಲ, ಒಬ್ಬೊಬ್ಬರಿಗೆ ಎರಡು ಲೀಟರ್ ಹೊತ್ತುಕೊಳ್ಳಿ.

ಬುಕ್ ಮಾಡುವ ಮೊದಲೇ ಗೊತ್ತಿರಬೇಕಾದ ಇನ್ನೊಂದು ವಿಷಯ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಡ್ಗಿಚ್ಚಿನ ಭಯ. ಗಾಳಿ, ಒಣಹವೆ ಜಾಸ್ತಿ ಇದ್ದ ದಿನ ಕಲಾಂಕ್ ದಾರಿಗಳನ್ನೇ ಮುಚ್ಚುತ್ತಾರೆ. ನಾಳೆ ತೆರೆದಿರುತ್ತದೋ ಇಲ್ಲವೋ ಅಂತ ಹಿಂದಿನ ದಿನ ಸಂಜೆ ಗೊತ್ತಾಗುತ್ತದೆ. 'ಮೆ ಕಲಾಂಕ್' ಅನ್ನುವ ಉದ್ಯಾನದ ಆ್ಯಪ್‌ನಲ್ಲಿ ನೋಡಬಹುದು. ಹತ್ತಿರದ ದೊಡ್ಡ ನಗರ ಮಾರ್ಸೇ ಕಡೆಯಿರುವ ಸೂಜಿತೊಂ ಕಲಾಂಕ್‌ಗೆ 2022ರಿಂದ ಬೇಸಿಗೆಯಲ್ಲಿ ಮುಂಗಡ ಬುಕಿಂಗ್ ಬೇಕು, ದುಡ್ಡು ಕೊಡಬೇಕಿಲ್ಲ. ಜನ ಜಾಸ್ತಿಯಾಗಿ ಮಣ್ಣು ಸವೆದು ಮರದ ಬೇರುಗಳು ಮೇಲೆ ಬಂದಿದ್ದವು, ಅದಕ್ಕೆ ಹೀಗೆ ಮಾಡಿದ್ದಾರೆ.

ಅಮ್ಮನಂಥವರಿಗೆ ದೋಣಿ ಇದೆ. ಬಂದರಿನಲ್ಲೇ ಟಿಕೆಟ್ ಕೊಡುತ್ತಾರೆ. ಮೂರು ಕಲಾಂಕ್ ತೋರಿಸುವ ಸುತ್ತು ಮುಕ್ಕಾಲು ಗಂಟೆ, ಐದು, ಎಂಟು, ಒಂಬತ್ತು ತೋರಿಸುವ ಉದ್ದದ ಸುತ್ತುಗಳೂ ಇವೆ. ಸುಮ್ನೆ ಸುತ್ತಿಸಿ ವಾಪಸ್ ತರುತ್ತಾರೆ, ಅಲ್ಲಿ ಇಳಿಸಲ್ಲ.

ವಿಲ್‌ಫ್ರಾಂಶ್‌ನಲ್ಲಿ ನಡಿಗೆ ಇಲ್ಲವೇ ಇಲ್ಲ ಅಂತಲ್ಲ. ಎದುರಿಗೇ ಕಾಣುವ ಕಾಪ್ ಫೆರಾ ಭೂಶಿರದ ಸುತ್ತ ಸಮುದ್ರದಂಚಿನಲ್ಲಿ ಕಾಲುದಾರಿ ಇದೆ, ಹೆಚ್ಚಿನ ಭಾಗ ಸಮತಟ್ಟು. ಅಲ್ಲಿನ ಎಫ್ರುಸ್ಸಿ ದ ರಾತ್‌ಶೀಲ್ಡ್ ಬಂಗಲೆಯ ತೋಟಗಳಲ್ಲಿ ಅಮ್ಮ ಮೂರು ಗಂಟೆ ಕಳೆದರು. ಬೆಂಚುಗಳಿದ್ದವು ಅನ್ನುವುದೇ ಅವರಿಗೆ ದೊಡ್ಡ ಸಮಾಧಾನ.

ಗಾಳಿ ಯಾವ ಕಡೆಯದು ಅಂತ ಕೇಳಿ

ಇದನ್ನು ಯಾವ ಟೂರ್ ಏಜೆಂಟ್ ಕೂಡ ನಮಗೆ ಹೇಳಲಿಲ್ಲ. ರೋನ್ ನದಿಯ ಕಣಿವೆಯಿಂದ ಮಿಸ್ತ್ರಾಲ್ ಅನ್ನುವ ಒಣ ಉತ್ತರದ ಗಾಳಿ ಬೀಸುತ್ತದೆ. ಮಾರ್ಸೇ, ಕಾಸಿ ಕಡೆಗೆ ಅದು ಬಂದರೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ, ಆದರೆ ದೋಣಿ ನಿಲ್ಲುತ್ತದೆ. ಕಾಪ್ ಕನಾಯ್ ಮೇಲಿಂದ ಪಕ್ಕದ ಊರು ಲಾ ಸಿಯೋತಾಗೆ ಹೋಗುವ ಬೆಟ್ಟದ ರಸ್ತೆಯನ್ನೂ ಮುಚ್ಚುತ್ತಾರೆ.

ನಿಜವಾದ ಏಟು ನೀರಿನಲ್ಲಿ. ಈ ಗಾಳಿ ಮೇಲಿನ ಬೆಚ್ಚಗಿನ ನೀರನ್ನು ದಡದಿಂದ ಆಚೆ ತಳ್ಳುತ್ತದೆ. ಆ ಜಾಗಕ್ಕೆ ತಳದ ತಣ್ಣೀರು ಏರಿ ಬರುತ್ತದೆ. ನಡು ಬೇಸಿಗೆಯಲ್ಲೂ ಕಾಸಿಯ ನೀರು ಒಂದೇ ದಿನದಲ್ಲಿ ಕೊರೆಯುವಷ್ಟು ತಣ್ಣಗಾಗುವುದು ಹೀಗೆ. ನನ್ನ ತಂಗಿ ಉಡುಪಿಯಲ್ಲಿ ಓದಿದವಳು, ಮಲ್ಪೆ ಸಮುದ್ರದ ಅಭ್ಯಾಸ. 'ನೀರು ಅಂದ್ರೆ ನೀರು' ಅಂತ ಧೈರ್ಯವಾಗಿ ಓಡಿಹೋಗಿ ಮೊಣಕಾಲಿನವರೆಗೆ ಇಳಿದು ಅಷ್ಟೇ ವೇಗದಲ್ಲಿ ವಾಪಸ್ ಬಂದಳು.

ವಿಲ್‌ಫ್ರಾಂಶ್ ಮೂರು ಕಡೆ ಗುಡ್ಡ ಇರುವ ಆಳವಾದ ಕೊಲ್ಲಿ. ಮಿಸ್ತ್ರಾಲ್ ಅಲ್ಲಿಗೆ ಬರುವುದು ಕಡಿಮೆ, ನೀರು ಶಾಂತ. ಈಜು ಮುಖ್ಯ ಅನ್ನುವವರು, ಅದರಲ್ಲೂ ಮಕ್ಕಳಿರುವವರು, ಇಲ್ಲಿಗೇ ನಿರ್ಧಾರ ಮಾಡಿಬಿಡಬಹುದು. ಆದರೆ ಎರಡೂ ಕಡೆ ನಮ್ಮ ಕಾರವಾರ, ಮುರುಡೇಶ್ವರದ ಹಾಗೆ ಮೆತ್ತನೆ ಮರಳು ಅಂದುಕೊಳ್ಳಬೇಡಿ. ವಿಲ್‌ಫ್ರಾಂಶ್‌ನ ಮಾರಿನಿಯೇರ್ ಬೀಚ್‌ನಲ್ಲಿ ಒರಟು ಮರಳು, ಕಾಸಿಯ ಬೀಚ್‌ಗಳಲ್ಲಿ ಬೆಣಚುಕಲ್ಲು ಜಾಸ್ತಿ. ನೀರಿಗೆ ಹಾಕುವ ರಬ್ಬರ್ ಶೂ ಇಲ್ಲಿಂದಲೇ ಒಯ್ಯಿರಿ.

ಕೊಲ್ಲಿ ಆಳವಾಗಿರುವುದಕ್ಕೆ ಒಂದು ಶಿಕ್ಷೆಯೂ ಇದೆ. ದೊಡ್ಡ ಕ್ರೂಸ್ ಹಡಗುಗಳು ಅಲ್ಲೇ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುತ್ತವೆ. ಆ ದಿನ ಸಂಜೆವರೆಗೆ ಬಂದರಿನ ಕುರ್ಚಿ ಯಾವುದೂ ನಿಮ್ಮದಲ್ಲ. ಹಡಗು ಬರುವ ದಿನಗಳ ಪಟ್ಟಿ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಅದನ್ನು ನೋಡಿ ಆ ದಿನ ನೀವು ಮಾಂತೋಂ ಕಡೆ ಹೋಗಿಬಿಡಿ.

ಸೂಟ್‌ಕೇಸ್ ಪರೀಕ್ಷೆ

ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನ ಇದೆ. ಅಲ್ಲಿಂದ ವೇಗದ ರೈಲಿನಲ್ಲಿ ಮಾರ್ಸೇಗೆ ಮೂರು ಗಂಟೆ ಚಿಲ್ಲರೆ, ನೀಸ್‌ಗೆ ಸುಮಾರು ಆರು ಗಂಟೆ. ನೀಸ್‌ಗೆ ದುಬೈ ಮೂಲಕ ವಿಮಾನದಲ್ಲೇ ಹೋಗುವುದು ವಾಸಿ.

ಮಾರ್ಸೇಯಿಂದ ಕಾಸಿ ರೈಲಿನಲ್ಲಿ ಅರ್ಧ ಗಂಟೆಯೊಳಗೆ. ಕೇಳಲು ಚೆನ್ನಾಗಿದೆ, ಅಲ್ವಾ? ಸ್ಟೇಷನ್ ಇರುವುದು ಊರಿನಿಂದ ಮೂರು ಕಿಲೋಮೀಟರ್ ದೂರ, ಗುಡ್ಡದ ಮೇಲೆ. ಊರಿಗೆ ಸಣ್ಣ ಬಸ್ ಇದೆ. ನಾವು ಭಾನುವಾರ ಸಂಜೆ ಇಳಿದೆವು. ಬಸ್ ವೇಳಾಪಟ್ಟಿ ನಾನು ನೋಡಿದ್ದು ವಾರದ ದಿನಗಳದ್ದು. ಕಾದು ಕಾದು, ಟ್ಯಾಕ್ಸಿಯೂ ಸಿಗದೆ, ದ್ರಾಕ್ಷಿ ತೋಟಗಳ ನಡುವಿನ ಇಳಿಜಾರಿನಲ್ಲಿ ಮೂರು ಸೂಟ್‌ಕೇಸ್ ಎಳೆದುಕೊಂಡು ನಡೆದೆವು. ಕಾಸಿಯ ವೈನ್‌ಗೆ 1936ರಲ್ಲೇ ಊರಿನ ಹೆಸರಿನ ಅಧಿಕೃತ ಮಾನ್ಯತೆ ಸಿಕ್ಕಿದೆ, ಹೆಚ್ಚಿನದು ಬಿಳಿ ವೈನ್ ಅಂತೆಲ್ಲ ನಾನು ಓದಿಕೊಂಡಿದ್ದನ್ನು ಅಲ್ಲಿ ಹೇಳಲು ಹೋದೆ. "ಬಾಯಿ ಮುಚ್ಚಿಕೊಂಡು ಪೆಟ್ಟಿಗೆ ಹಿಡಿ" ಅಂದರು ಅಮ್ಮ. ಭಾನುವಾರದ ವೇಳಾಪಟ್ಟಿ ಬೇರೆ ಇರುತ್ತದೆ. ಇಷ್ಟು ನೆನಪಿಟ್ಟರೆ ಸಾಕು.

ವಿಲ್‌ಫ್ರಾಂಶ್‌ನ ಸ್ಟೇಷನ್ ಬೀಚ್‌ನ ತಲೆಯ ಮೇಲೇ ಇದೆ. ಇಳಿದು ಮೆಟ್ಟಿಲಿಳಿದರೆ ನೀರು, ಅಂಚಿನಲ್ಲೇ ಸಮತಟ್ಟಾಗಿ ನಡೆದರೆ ಹತ್ತು ನಿಮಿಷಕ್ಕೆ ಬಂದರು. ನೀಸ್ ವಿಮಾನ ನಿಲ್ದಾಣದಿಂದ ಬರುವವರು ನಗರದ ದೊಡ್ಡ ಸ್ಟೇಷನ್‌ಗೆ ಹೋಗಬೇಕಿಲ್ಲ. ನಿಲ್ದಾಣದ ಹತ್ತಿರದ ಸೇಂತೋಗುಸ್ತ್ಯಾಂ ಸ್ಟೇಷನ್‌ನಲ್ಲೇ ಲೋಕಲ್ ರೈಲು ಹತ್ತಬಹುದು.

ಟಿಕೆಟ್ ತೆಗೆಯುವಾಗ ಹೆಸರು ಪೂರ್ತಿ ಓದಿ. ಫ್ರಾನ್ಸಿನಲ್ಲಿ ವಿಲ್‌ಫ್ರಾಂಶ್‌ಗಳು ಬೇಕಾದಷ್ಟಿವೆ. ಲಿಯೋಂ ಹತ್ತಿರ ಒಂದು ವಿಲ್‌ಫ್ರಾಂಶ್-ಸ್ಯೂರ್-ಸೋನ್ ಇದೆ, ಅಲ್ಲಿ ಸಮುದ್ರ ಇಲ್ಲ. 'ಸ್ಯೂರ್-ಮೇರ್' ಅಂದರೆ 'ಸಮುದ್ರದ ಮೇಲಿನ'. ಹಾಗೆಯೇ ಬೆಟ್ಟದ ಮೇಲಿನ ಎಝ್ ಹಳ್ಳಿ ನೋಡಲು ಎಝ್ ಸ್ಟೇಷನ್‌ನಲ್ಲಿ ಇಳಿದರೆ ನೀವು ಇರುವುದು ಬೆಟ್ಟದ ಬುಡದಲ್ಲಿ. ಹಳ್ಳಿ 400 ಮೀಟರ್‌ಗೂ ಮೇಲೆ. ಬಸ್ಸು ಹಿಡಿಯಿರಿ.

ನೀವು ಬೆಳಗಿನವರೋ ಸಂಜೆಯವರೋ

ಇದು ನಮಗೆ ಅಲ್ಲಿಗೆ ಹೋದ ಮೇಲೇ ಗೊತ್ತಾದದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸವೂ ಇದೇ.

ವಿಲ್‌ಫ್ರಾಂಶ್ ಕೊಲ್ಲಿಯ ಪಶ್ಚಿಮ ಬದಿಯಲ್ಲಿದೆ, ಬೆನ್ನಿಗೆ ಗುಡ್ಡ. ಬೆಳಗಿನ ಬಿಸಿಲು ನೇರ ಬಂದರಿನ ಗೋಡೆಗಳ ಮೇಲೆ ಬೀಳುತ್ತದೆ. ಏಳು ಗಂಟೆಗೆ ಕಾಫಿ ಹಿಡಿದು ಕೂತರೆ ಮನೆಗಳೆಲ್ಲ ಆಗ ತಾನೇ ಸುಣ್ಣ ಬಳಿದ ಹಾಗೆ ಹೊಳೆಯುತ್ತವೆ. ಮಧ್ಯಾಹ್ನ ಕಳೆದು ಸ್ವಲ್ಪ ಹೊತ್ತಿಗೆ ಸೂರ್ಯ ಗುಡ್ಡದ ಹಿಂದೆ ಹೋಗಿಬಿಡುತ್ತಾನೆ, ಊರು ಬೇಗ ನೆರಳಿಗೆ ಬೀಳುತ್ತದೆ. ಬಿಸಿಲಿನ ಹೊತ್ತು ಕಳೆಯಲು ರ್ಯೂ ಒಬ್ಸ್ಕ್ಯೂರ್ ಇದೆ. ಮನೆಗಳ ಕೆಳಗೇ ಸುಮಾರು 130 ಮೀಟರ್ ಸಾಗುವ 13ನೇ ಶತಮಾನದ ಮುಚ್ಚಿದ ಗಲ್ಲಿ. ಹೊರಗೆ ಉರಿ ಬಿಸಿಲು, ಒಳಗೆ ಕಾಲಿಟ್ಟರೆ ಹಳೆಯ ತೊಟ್ಟಿಮನೆಯ ಪಡಸಾಲೆಯ ತಂಪು, ಮೇಲೆ ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು. ಬಂದರಿನ ಪಕ್ಕದ ಸೇಂ-ಪಿಯೇರ್ ಚಾಪೆಲ್ ಒಂದು ಕಾಲಕ್ಕೆ ಬೆಸ್ತರು ಬಲೆ ಇಡುತ್ತಿದ್ದ ಜಾಗ. 1957ರಲ್ಲಿ ಫ್ರೆಂಚ್ ಕವಿ, ಕಲಾವಿದ ಜಾಂ ಕಾಕ್ತೊ ಅದರ ಗೋಡೆ ತುಂಬ ಚಿತ್ರ ಬರೆದ. ಸಣ್ಣ ಟಿಕೆಟ್ ಇದೆ, ಕೊಟ್ಟು ಒಳಗೆ ಹೋಗಿ.

ಕಾಸಿ ಸಂಜೆಯ ಊರು. ಇಳಿಬಿಸಿಲು ಎದುರಿನ ಕಾಪ್ ಕನಾಯ್ ಮೇಲೆ ಬೀಳುತ್ತದೆ. ಬಂಡೆ ಮೊದಲು ಜೇನಿನ ಬಣ್ಣ, ಆಮೇಲೆ ಬೆಲ್ಲದ ಬಣ್ಣ, ಕೊನೆಗೆ ಹೆಂಚಿನ ಕೆಂಪು. ನಾವು ದಕ್ಕೆಯ ಕಲ್ಲಿನ ಮೇಲೆ ಕೂತು ಚುರುಮುರಿಯೊಂದು ಇದ್ದಿದ್ದರೆ ಅಂತ ಮಾತಾಡಿಕೊಂಡೆವು. ದಿನವಿಡೀ ಬಂದಿದ್ದ ಕಾರುಗಳು ಅಷ್ಟು ಹೊತ್ತಿಗೆ ಮಾರ್ಸೇಗೆ ವಾಪಸ್ ಹೋಗಿರುತ್ತವೆ. ಕಾಸಿಯನ್ನು ದಿನದ ಪ್ರವಾಸದಲ್ಲಿ ನೋಡುವವರಿಗೆ ಇದು ಸಿಗಲ್ಲ. ಹೋದರೆ ಎರಡು ರಾತ್ರಿಯಾದರೂ ಉಳಿಯಿರಿ.

ಊಟ

ಮಾಂಸ ಮೀನು ತಿನ್ನುವವರಿಗೆ ಎರಡೂ ಒಂದೇ. ಸಸ್ಯಾಹಾರಿಗಳಿಗೆ ವಿಲ್‌ಫ್ರಾಂಶ್ ಸುಲಭ, ಯಾಕಂದರೆ ನೀಸ್ ಪಕ್ಕದಲ್ಲಿದೆ. ನೀಸ್‌ನ ಹಳೇ ಪೇಟೆಯಲ್ಲಿ ಸೊಕ್ಕಾ ಸಿಗುತ್ತದೆ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ ಅಗಲವಾದ ತಾಮ್ರದ ತಟ್ಟೆಯಲ್ಲಿ ಸೌದೆ ಒಲೆಯೊಳಗೆ ಬೇಯಿಸುತ್ತಾರೆ. ಅಂಚು ಕರಕಲು, ನಡುವೆ ಮೆತ್ತಗೆ, ಮೇಲೆ ಕಾಳುಮೆಣಸಿನ ಪುಡಿ. ಅಮ್ಮ ಮೊದಲ ತುಂಡು ಬಾಯಿಗಿಟ್ಟು, "ಇದಕ್ಕೆ ಒಂಚೂರು ಇಂಗು, ಎರಡು ಹಸಿಮೆಣಸಿನಕಾಯಿ ಹಾಕಿದ್ರೆ ನಮ್ಮನೇದೇ" ಅಂದು ಎರಡನೇ ತಟ್ಟೆ ಹೇಳಿದರು. ಮಾರ್ಸೇ ಕಡೆ ಕಡಲೆ ಹಿಟ್ಟಿನದೇ ಪಾನಿಸ್ ಸಿಗುತ್ತದೆ, ಎಣ್ಣೆಯಲ್ಲಿ ಕರಿದಿದ್ದು.

ಮೋಸ ಹೋಗುವುದು ಎರಡು ಕಡೆ. ಪಿಸ್ಸಲಾದಿಯೇರ್ ನೋಡಲು ಈರುಳ್ಳಿ ಪಿಜ್ಜಾ, ಆದರೆ ಅದರಲ್ಲಿ ಉಪ್ಪು ಹಾಕಿಟ್ಟ ಪುಟ್ಟ ಮೀನು ಇರುತ್ತದೆ. ಬ್ರೆಡ್ಡಿಗೆ ಹಚ್ಚಿ ಕೊಡುವ ಆಲಿವ್ ಚಟ್ನಿ ತಪೆನಾದ್‌ಗೂ ಅದೇ ಮೀನು ಅರೆದಿರುತ್ತಾರೆ. 'ಸಾಂ ವ್ಯಾಂದ್, ಸಾಂ ಪ್ವಾಸೊಂ' ಅಂತ ಬಾಯಿಪಾಠ ಮಾಡಿಕೊಳ್ಳಿ. ಮಾಂಸ ಬೇಡ, ಮೀನು ಬೇಡ ಅಂತ. ಅದಕ್ಕೂ ಮೊದಲು 'ಬೊಂಝೂರ್' ಹೇಳಬೇಕು. ಹೇಳದೆ ನೇರ ಕೇಳಿದರೆ ಅಲ್ಲಿ ಅದು ಒರಟುತನ. ಮಧ್ಯಾಹ್ನ ಎರಡರ ಮೇಲೆ ಹೆಚ್ಚಿನ ಅಡುಗೆಮನೆಗಳು ಮುಚ್ಚಿ ಮತ್ತೆ ತೆರೆಯುವುದು ರಾತ್ರಿ ಏಳರ ಸುಮಾರಿಗೆ. ನಡುವೆ ಹಸಿವಾದರೆ ನಿಮ್ಮ ಚೀಲದ ಚಕ್ಕುಲಿಯೇ ಗತಿ. ಕಾಸಿಯಲ್ಲಿ ಅಡುಗೆಮನೆ ಇರುವ ಮನೆ ಹಿಡಿದರೆ ಬುಧವಾರ, ಶುಕ್ರವಾರ ಬೆಳಿಗ್ಗೆ ಸಂತೆ ಇರುತ್ತದೆ, ತರಕಾರಿ ಚೆನ್ನಾಗಿರುತ್ತದೆ.

ಯಾವಾಗ

ಜುಲೈ, ಆಗಸ್ಟ್ ಬೇಡವೇ ಬೇಡ. ನಮ್ಮ ಮಕ್ಕಳ ಬೇಸಿಗೆ ರಜೆಯ ಏಪ್ರಿಲ್, ಮೇ ನಡೆಯಲು ಹಿತ, ಈಜಲು ತಣ್ಣಗೆ. ಆದ್ದರಿಂದ ಏಪ್ರಿಲ್-ಮೇನಲ್ಲಾದರೆ ಕಾಸಿ. ದಸರಾ ರಜೆಯಲ್ಲಾದರೆ ಸಮುದ್ರ ಇನ್ನೂ ಬೇಸಿಗೆಯ ಬಿಸಿ ಹಿಡಿದಿರುತ್ತದೆ, ಆಗ ವಿಲ್‌ಫ್ರಾಂಶ್. ಫೆಬ್ರವರಿಯಲ್ಲಿ ನೀಸ್ ಕಾರ್ನಿವಲ್, ಮಾಂತೋಂ ನಿಂಬೆ ಹಬ್ಬ ಎರಡೂ ಇರುತ್ತವೆ. ಆಗಲೂ ವಿಲ್‌ಫ್ರಾಂಶೇ.

ಮನೆ ಹಿಡಿಯುವಾಗ

'ಬಂದರಿಗೆ 600 ಮೀಟರ್' ಅಂತ ಬರೆದಿರುತ್ತಾರೆ. ಸಮತಟ್ಟು ದಾರಿಯೋ ಏರುದಾರಿಯೋ ಅಂತ ಕೇಳಿ. ಎರಡೂ ಊರುಗಳು ಗುಡ್ಡಕ್ಕೆ ಅಂಟಿಕೊಂಡಿವೆ, ಮ್ಯಾಪಿನಲ್ಲಿ ಹತ್ತಿರ ಕಂಡದ್ದು ಕಾಲಿಗೆ ದೂರ. ಮನೆ ಮಾಲೀಕರಿಗೆ ಮೂರು ಪ್ರಶ್ನೆ ಕಳಿಸಿ. ಕಾರು ನಿಲ್ಲುವ ರಸ್ತೆಯಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು? ಲಿಫ್ಟ್ ಇದೆಯಾ? ಎ.ಸಿ. ಇದೆಯಾ? ಮೊದಲನೆಯದಕ್ಕೆ ಅಂಕಿ ಕೊಡದೆ 'ಸ್ವಲ್ಪ' ಅಂತ ಉತ್ತರ ಬಂದರೆ ಬಿಟ್ಟುಬಿಡಿ. ನಮಗೆ 'ಸ್ವಲ್ಪ' ಅಂದದ್ದು 71 ಆಗಿತ್ತು, ಅಮ್ಮ ಎಣಿಸಿದ್ದರು.

ವೀಸಾ, ಮತ್ತೆ ಬುಕಿಂಗ್ ಸರದಿ

ಎರಡಕ್ಕೂ ಬೇಕಾದದ್ದು ಫ್ರಾನ್ಸಿನ ಷೆಂಗೆನ್ ವೀಸಾ. ವೀಸಾ ಅರ್ಜಿ ತೆಗೆದುಕೊಳ್ಳುವ ಬೆಂಗಳೂರಿನ ವಿಎಫ್ಎಸ್ ಕೇಂದ್ರದಲ್ಲಿ ಅರ್ಜಿ ಕೊಡಬಹುದು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, ಕಡೇಪಕ್ಷ 15 ದಿನ ಮೊದಲು ಹಾಕಲೇಬೇಕು. ರಜೆ ಸಮಯದಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಮೂರು ತಿಂಗಳು ಮುಂಚೆ ಕೂತುಕೊಳ್ಳಿ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ, 6 ತುಂಬಿ 12 ತುಂಬದ ಮಕ್ಕಳಿಗೆ 45. ಕೇಂದ್ರದವರ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ.

ಮೊದಲು ರದ್ದು ಮಾಡಬಹುದಾದ ಮನೆ, ಆಮೇಲೆ ವೀಸಾ, ವೀಸಾ ಕೈಗೆ ಬಂದ ಮೇಲೆ ದುಡ್ಡು ವಾಪಸ್ ಬರದ ರೈಲು ಟಿಕೆಟ್. ಈ ಸರದಿ ತಪ್ಪಿಸಬೇಡಿ.

ಐದಾರು ದಿನ ಮಾತ್ರ ಇದ್ದರೆ ಒಂದೇ ಊರು ಹಿಡಿಯಿರಿ. ಎಂಟು ದಿನ ದಾಟಿದರೆ ನಮ್ಮ ಹಾಗೆ ಎರಡೂ ಮಾಡಬಹುದು, ಮಾರ್ಸೇ-ನೀಸ್ ರೈಲಿಗೆ ಎರಡೂವರೆ ಗಂಟೆ ಚಿಲ್ಲರೆ ಸಾಕು. ಆಗ ಕಾಸಿ ಮೊದಲು, ವಿಲ್‌ಫ್ರಾಂಶ್ ಕೊನೆಗೆ ಇರಲಿ. ಕಾಲು ಹೊಸದಾಗಿರುವಾಗ ಕಲಾಂಕ್ ಮುಗಿಯುತ್ತದೆ, ಗಾಳಿಗೆ ಒಂದು ದಿನ ಹೋದರೂ ಇನ್ನೊಂದು ದಿನ ಇರುತ್ತದೆ. ಕೊನೆಯ ಬೆಳಿಗ್ಗೆ ಬಂದರಿನಲ್ಲಿ ಕಾಫಿ ಕುಡಿದು, ಬಟ್ಟಲು ಕೆಳಗಿಟ್ಟು, ಹತ್ತು ನಿಮಿಷ ನಡೆದು ರೈಲು ಹತ್ತಿದರೆ ವಿಮಾನ ನಿಲ್ದಾಣ ಪಕ್ಕದಲ್ಲೇ. ನಾವು ಹಾಗೇ ಮಾಡಿದೆವು. ದೊಡ್ಡಮ್ಮನಿಗೆ ಗಂಗೆಯ ಬದಲು ಕಾಸಿಯ ಸಂತೆಯಿಂದ ಒಂದು ಸಾಬೂನು ತಂದುಕೊಟ್ಟೆ. ಇನ್ನೂ ಬಿಚ್ಚಿಲ್ಲ, ದೇವರ ಮನೆಯಲ್ಲಿ ಇಟ್ಟಿದ್ದಾರೆ.